ತಿನ್ನಲು ಕೊಡದ ಎಳ್ಳು

ಮೊಲದಿಂದಲೂ ಮುಳ್ಳುಹಂದಿಯಿಂದಲೂ ಕಡಲೆಕಾಯಿ ಸಾಲ ತಂದು ಪೊಟರೆಯಲ್ಲಿ ಕೂಡಿಟ್ಟಿದ್ದ ಅಳಿಲು, ಬಿರುಗಾಳಿಗೆ ಮರ ಉರುಳಿದ ದಿನ ದಿವಾಳಿಯಾಯಿತು. ಅದೇ ಗಾಳಿಗೆ ಕಾಡುಹಂದಿಯೂ ಎಲ್ಲ ಕಳೆದುಕೊಂಡಿತ್ತು. ಅದರ ಕೋರೆಗೆ ಹೆದರಿ ಮೊಲ ಸಂಜೆಯೊಳಗೆ ಹೊಸ ಸಾಲ ಕೊಟ್ಟಿತು. ಅಳಿಲಿಗೆ ಮಾತ್ರ, "ನಿನ್ನ ಮಾತಿಗೆ ಇನ್ನೇನು ಬೆಲೆ? ನಡೆ" ಎಂದಿತು. ಮಳೆಗಾಲ ಹತ್ತಿರವಿತ್ತು, ಮರಿಗಳು ಹಸಿದಿದ್ದವು.

ಇರುವೆಯೊಂದು ಒಂದೇ ಒಂದು ಎಳ್ಳು ತಂದಿಟ್ಟಿತು. "ನಾಳಿದ್ದು ತಿರುಗಿ ಕೊಡಕ್ಕ."

"ಹಂಗಿಸಲು ಬಂದೆಯಾ? ಇದು ಹಲ್ಲಿನ ಸಂದಿಗೂ ಸಾಕಾಗದು!"

"ತಿನ್ನು ಅಂದವರು ಯಾರು? ನೀನು ತಿರುಗಿ ಕೊಡಲಿ ಎಂದೇ ಕೊಟ್ಟಿದ್ದೇನೆ."

ಅಳಿಲು ಹೇಳಿದ ದಿನಕ್ಕೆ ತಿರುಗಿ ಕೊಟ್ಟಿತು. ಎದುರಾದವರಿಗೆಲ್ಲ ಮೀಸೆ ತಾಗಿಸಿ ಸುದ್ದಿ ಹೇಳದೆ ಇರುವೆ ಮುಂದೆ ಹೋಗುವುದಿಲ್ಲ. "ಅಳಿಲಕ್ಕ ಮಾತಿಗೆ ತಪ್ಪಲಿಲ್ಲ" ಎಂಬ ಸುದ್ದಿ ಕಾಡೆಲ್ಲ ಹರಿಯಿತು. ಹೀಗೆ ಏಳು ಎಳ್ಳು ಬಂದು ಹೋದವು. ಎಂಟನೆಯ ಸಲ ಮೊಲವೇ ಬಂದು ಕಡಲೆಕಾಯಿಯನ್ನು ಸಾಲವಾಗಿ ಸುರಿಯಿತು.

ಮಳೆ ಹಿಡಿದ ದಿನ ಅಳಿಲು ಇರುವೆಯನ್ನು ಹೊಸ ಪೊಟರೆಗೆ ಕರೆದು, ಎಲ್ಲಕ್ಕಿಂತ ದಪ್ಪ ಕಾಯಿಯನ್ನು ಸುಲಿದು ಮುಂದಿಟ್ಟಿತು.

"ಇದನ್ನು ತಿರುಗಿ ಕೊಡಬೇಡ, ತಂಗಿ. ತಿನ್ನು."