ಗಂಟೆಯ ಹಗ್ಗ

ರೈನ್ ನದಿಯ ದಂಡೆಯಲ್ಲಿ ಒಂದು ಜರ್ಮನ್ ಪಟ್ಟಣ. ಪೋಪರಿಗೂ ಚಕ್ರವರ್ತಿಗೂ ಜಗಳವಾದಾಗ ಅಲ್ಲಿಯ ಜನ ಚಕ್ರವರ್ತಿಯ ಕಡೆ ನಿಂತರು.

ಅದಕ್ಕೆ ಶಿಕ್ಷೆಯಾಗಿ ರೋಮಿನಿಂದ ಪೋಪರ ಅಪ್ಪಣೆ ಬಂತು. ಇಗರ್ಜಿಯ ಬಾಗಿಲು ತೆರೆಯಕೂಡದು. ಗಂಟೆ ಬಾರಿಸಕೂಡದು. ಸತ್ತವರಿಗೆ ಪ್ರಾರ್ಥನೆ ಹೇಳಕೂಡದು.

ಗಂಟೆ ಬಾರಿಸುವವನು ಗೆರುಂಗ್, ಮುದಿ ಸನ್ಯಾಸಿ ಎಕ್ಬರ್ಟರ ಶಿಷ್ಯ. ಹಳ್ಳಿಯಿಂದ ಬಂದ ಗೂಳಿಯಂಥ ಆಳು. ಅವನು ಹಗ್ಗ ಜಗ್ಗಿದರೆ ಆಚೆ ದಡದ ದನಗಳೂ ಕತ್ತೆತ್ತಿ ನೋಡುತ್ತಿದ್ದವಂತೆ. ಹಾಗಂತ ಅವನೇ ಹೇಳಿಕೊಂಡು ತಿರುಗುತ್ತಿದ್ದ.

ಈಗ ಅದನ್ನು ಕೇಳುವವರಿಲ್ಲ. ಗಂಟೆ ನಿಂತ ಮೇಲೆ ಅವನನ್ನು ಯಾರೂ ಮಾತಾಡಿಸಿರಲಿಲ್ಲ. ಗೋಪುರದ ಬುಡದಲ್ಲಿ ಹಗ್ಗ ಸವರುತ್ತಾ ಒಬ್ಬನೇ ಕೂತಿರುತ್ತಿದ್ದ.

ಒಂದು ಬೆಳಿಗ್ಗೆ ಗಿಸೆಲಾ ಬಂದಳು. ದೋಣಿ ನಡೆಸುತ್ತಿದ್ದ ಅವಳ ಗಂಡ ತೀರಿಕೊಂಡಿದ್ದ. ಪ್ರಾರ್ಥನೆಯಿಲ್ಲದ ಹೆಣವೆಂದು ನೆರೆಯವರು ಹೆದರಿ ಬಾಗಿಲು ಹಾಕಿಕೊಂಡಿದ್ದರು.

"ಒಂದೇ ಒಂದು ಸಲ ಬಾರಿಸಪ್ಪಾ," ಅಂದಳು. "ಅವರು ಹೋದರೆಂದು ಯಾರಿಗಾದರೂ ತಿಳಿಯಲಿ."

ಗೆರುಂಗ್ ಎದ್ದೇಬಿಟ್ಟ. ಗುರು ಎಕ್ಬರ್ಟರು ಅಡ್ಡ ನಿಂತರು. ಗಂಟೆಯ ಸುದ್ದಿ ರೋಮಿಗೆ ಮುಟ್ಟಿದರೆ ಊರಿನ ಶಿಕ್ಷೆ ಬೆಳೆಯುತ್ತದೆ, ಆಮೇಲೆ ಇನ್ನೆಷ್ಟು ಜನ ಹೀಗೇ ಹೋಗಬೇಕೋ ಅಂದರು.

"ಹಾಗಾದರೆ ನಾನು ಯಾತಕ್ಕಿದ್ದೀನಿ ಗುರುಗಳೇ? ಇದು ಬಿಟ್ಟರೆ ನನಗೇನು ಬರುತ್ತೆ?"

ಗುರುಗಳು ಒಳಗಿನಿಂದ ಕುಡುಗೋಲು ತಂದು, ಗೋಪುರದ ಮೆಟ್ಟಿಲೇರಿ ಎತ್ತರದಲ್ಲಿ ಗಂಟೆಯ ಹಗ್ಗ ಕೊಯ್ದರು. ಬಿದ್ದದ್ದನ್ನು ಎರಡು ತುಂಡು ಮಾಡಿ ಹೆಗಲಿಗೆ ಹಾಕಿಕೊಂಡು ಗಿಸೆಲಾಳ ಹಿಂದೆ ನಡೆದರು.

ಗೆರುಂಗನಿಗೆ ತನ್ನ ತೋಳನ್ನೇ ಕಡಿದ ಹಾಗಾಯಿತು. ನಾಳೆ ಅಪ್ಪಣೆ ಹಿಂದಕ್ಕೆ ಹೋದರೆ ಏನು ಹಿಡಿದು ಬಾರಿಸಲಿ ಎಂದು ದಾರಿಯುದ್ದಕ್ಕೂ ಜಗಳ ತೆಗೆದ. ಅವರು ತಿರುಗಿಯೂ ನೋಡಲಿಲ್ಲ.

ನದಿಯ ಪಕ್ಕ, ಗಿಸೆಲಾಳ ಮನೆಯ ಹಿಂದೆ ಗುಂಡಿ ತೋಡುವುದು ಅವನ ಪಾಲಿಗೇ ಬಂತು. ತೋಡಿ ತಲೆಯೆತ್ತಿದ. ಗಿಸೆಲಾ, ಗುರುಗಳು, ತಾನು. ಬೇರೊಂದು ನರಪಿಳ್ಳೆ ಇಲ್ಲ. ಬಾಯಿ ತಾನಾಗಿ ಮುಚ್ಚಿತು.

ಬಟ್ಟೆ ಸುತ್ತಿದ ಹೆಣದ ಕೆಳಗೆ ಗುರುಗಳು ಹಗ್ಗದ ಎರಡೂ ತುಂಡು ತೂರಿಸಿದರು. ಒಂದು ಬದಿಯ ತುದಿಗಳನ್ನು ತಾವೂ ಗಿಸೆಲಾಳೂ ಹಿಡಿದರು. ಇಬ್ಬರಲ್ಲೂ ಅಷ್ಟು ಕಸುವಿರಲಿಲ್ಲ. ಎದುರು ಬದಿಯ ಎರಡೂ ತುದಿಗಳನ್ನು ಗೆರುಂಗನ ಕೈಗೆ ಎಸೆದರು.

ಹೆಣ ನೆಲ ಬಿಟ್ಟು ಗುಂಡಿಯ ಮೇಲೆ ತೂಗಿತು. ಭಾರವೆಲ್ಲ ಅವನ ಅಂಗೈಗೆ ಬಂತು. ಅವನು ಕಾಲೂರಿ ನಿಂತು ಗುರುಗಳ ಮುಖ ನೋಡಿದ.

ಗುರುಗಳು ಮೆಲ್ಲಗೆ ಹೇಳಿದರು: "ಈಗ ಬಾರಿಸು ಮಗೂ. ಅವನಿಗೆ ನೋಯದ ಹಾಗೆ."