ಬೆಳಕಿನ ಪಟ್ಟಿ, ಬೆರಳಿನ ಗೆಜ್ಜೆ

ಹೊಳೆಯ ದಂಡೆಯ ಮಠದಲ್ಲಿ ಚೆನ್ನವೀರ ಎಂಬ ಶಿಷ್ಯನಿದ್ದ. ಅವನ ತಂಗಿ ನೀಲವ್ವ ಯಾವುದೋ ಜ್ವರದಲ್ಲಿ ಮಾತನ್ನೂ ಮೈಯ ಸ್ವಾಧೀನವನ್ನೂ ಕಳೆದುಕೊಂಡು ಮಠದಲ್ಲೇ ಮಲಗಿದ್ದಳು. ಅವಳಿಗೆ ಆಡಿಸಲು ಬರುತ್ತಿದ್ದುದು ಒಂದು ಕಿರುಬೆರಳು ಮಾತ್ರ.

ಒಂದು ಬೆಳಿಗ್ಗೆ ಚೆನ್ನವೀರ ಪಟ್ಟಣದ ಪ್ರಯೋಗಶಾಲೆಯಿಂದ ತಲೆಗೆ ಕಟ್ಟುವ ಪಟ್ಟಿಯೊಂದನ್ನು ತಂದ. ಅದು ನೆತ್ತಿಯ ಮೂಲಕ ಮಿದುಳಿಗೆ ಬೆಳಕು ಬಿಡುತ್ತದೆ. ಮರಳಿ ಬಂದ ಬೆಳಕನ್ನು ಓದಿ, ಮನಸ್ಸಿನಲ್ಲಿರುವುದನ್ನು ಒಂದು ಪೆಟ್ಟಿಗೆಯಿಂದ ನುಡಿಸುತ್ತದೆ. ಸಂಜೆಯೊಳಗೆ ಕಟ್ಟಿ ನೋಡದಿದ್ದರೆ ಬೇರೆಯವರಿಗೆ ಕೊಟ್ಟುಬಿಡುತ್ತಾರಂತೆ.

ಗುರು ಮರುಳಯ್ಯನವರು ಪಟ್ಟಿಯನ್ನು ಹಾವಿನ ಮರಿಯನ್ನು ಎತ್ತುವಂತೆ ಎರಡೇ ಬೆರಳಲ್ಲಿ ಎತ್ತಿ ನೋಡಿದರು.

“ಇದು ಸುಡುವುದಿಲ್ಲವೇನೋ?”

“ಬರೀ ಬೆಳಕು, ಅಜ್ಜಾರೇ. ಕತ್ತಿಯಿಲ್ಲ, ಸೂಜಿಯಿಲ್ಲ.”

“ಹಾಗೆಂದು ಯಾರು ಹೇಳಿದರು?”

“ಮಾಡಿದವರೇ.”

“ಮೊಸರು ಮಾರುವವಳು ತನ್ನ ಮೊಸರನ್ನು ಹುಳಿ ಎನ್ನುತ್ತಾಳೆಯೇ?”

ಗುರು ಪಟ್ಟಿಯ ಒಳಮೈಗೆ ಬೆಣ್ಣೆ ಸವರಿ, ಗುಂಡಿ ಒತ್ತಿಸಿದರು. ಸ್ವಲ್ಪ ಹೊತ್ತಿಗೆ ಬೆಣ್ಣೆ ಕರಗಿ ನೆಲಕ್ಕೆ ತೊಟ್ಟಿಕ್ಕಿತು.

“ಬೆಣ್ಣೆ ಬಿಸಿಲಿಗೂ ಕರಗುತ್ತದೆ, ಅಜ್ಜಾರೇ!”

“ಬಿಸಿಲಲ್ಲಿ ಕೂತವನು ನೆರಳಿಗೆ ಎದ್ದು ಹೋಗಬಲ್ಲ. ನೀಲವ್ವ?”

ಚೆನ್ನವೀರನ ಕಣ್ಣು ತುಂಬಿತು. “ನಿಮಗೆ ಎಲ್ಲದರ ಮೇಲೂ ಗುಮಾನಿ. ಅವಳು ಹೀಗೆಯೇ ಮೂಕಿಯಾಗಿ ಬಿದ್ದಿರಲಿ ಎನ್ನುತ್ತೀರಾ?”

ಗುರು ಕೊಟ್ಟಿಗೆಗೆ ಹೋಗಿ, ಕರುವಿನ ಕೊರಳಿಂದ ಒಂದು ಗೆಜ್ಜೆ ಬಿಚ್ಚಿ ತಂದು, ನೀಲವ್ವನ ಕಿರುಬೆರಳಿಗೆ ಕಟ್ಟಿದರು.

“ತಾಯೀ, ಪಟ್ಟಿ ಬೇಡವೆಂದರೆ ಈಗಲೇ ಅಲ್ಲಾಡಿಸು. ಕಟ್ಟಿದ ಮೇಲೆ ಸಾಕೆನಿಸಿದರೆ ಆಗಲೂ ಅಲ್ಲಾಡಿಸು.”

ಗೆಜ್ಜೆ ಸುಮ್ಮನಿತ್ತು. ಅಂದರೆ, ಅವಳ ಒಪ್ಪಿಗೆ ಇತ್ತು.

“ಈಗ ಕಟ್ಟು” ಎಂದರು ಗುರು.

ಚೆನ್ನವೀರ ಕಟ್ಟಿದ. ಪೆಟ್ಟಿಗೆ ಮೊದಲು ಗೊರಗೊರ ಎಂದಿತು. ಆಮೇಲೆ ಹೆಣ್ಣುದನಿಯಲ್ಲಿ, “ಅಣ್ಣಾ” ಎಂದಿತು.

ಅವನು ಹಿಗ್ಗಿ ಹೀರೆಕಾಯಿಯಾದ. “ಕೇಳಿದಿರಾ, ಅಜ್ಜಾರೇ? ನನ್ನನ್ನು ಕರೆದಳು! ನೀಲೂ, ಹೇಗಿದೆಯೇ?”

“ಹಿತವಾಗಿದೆ” ಎಂದಿತು ಪೆಟ್ಟಿಗೆ.

ಅದೇ ಗಳಿಗೆಗೆ ಗೆಜ್ಜೆ ಘಲ್ಲೆಂದಿತು.

ಚೆನ್ನವೀರ ಪೆಟ್ಟಿಗೆಯನ್ನು ನೋಡಿದ, ಬೆರಳನ್ನು ನೋಡಿದ. ತಂಗಿ ತನ್ನನ್ನು ಅಣ್ಣಾ ಎಂದು ಕರೆದು ವರ್ಷಗಳೇ ಆಗಿದ್ದವು. ಇನ್ನೊಂದು ಮಾತು ಕೇಳಿಬಿಡೋಣ ಎಂಬ ಆಸೆ ಅವನ ಕೈಯನ್ನು ಹಿಡಿದು ನಿಲ್ಲಿಸಿತ್ತು.

“ಹಿತವಾಗಿದೆ, ಹಿತವಾಗಿದೆ” ಎನ್ನುತ್ತಲೇ ಇತ್ತು ಪೆಟ್ಟಿಗೆ. ಗೆಜ್ಜೆಯೂ ನಿಲ್ಲಲಿಲ್ಲ.

“ಅಜ್ಜಾರೇ, ಈ ಎರಡರಲ್ಲಿ ಯಾವುದು ನಿಜ?”

“ಮೊದಲು ಬಿಚ್ಚು. ಆಮೇಲೆ ಕೇಳು.”