ಹೊಸ ನಿಯಮದ ಪುಸ್ತಕಕ್ಕೆ ಬಿದ್ದ ಬೈಗುಳ

ಇಪ್ಪತ್ತು ತಂಡ. ಅದರಲ್ಲಿ ಹತ್ತು ತಂಡ ಹೊಸ ಪುಸ್ತಕಕ್ಕೆ ಒಲಿದರೆ ಆಟ ಶಿಷ್ಯನ ಕೈಗೆ. ಒಂಬತ್ತೇ ಆದರೆ ಹಳೆಯ ಪುಸ್ತಕವೇ ಗಟ್ಟಿ, ಅವನ ಮೂರು ವರ್ಷದ ದುಡಿಮೆ ಅಟ್ಟಕ್ಕೆ. ಗುರು ಅಡವಯ್ಯನವರಿಗೂ ಶಿಷ್ಯ ಕೊಟ್ರಯ್ಯನಿಗೂ ಆದ ಕರಾರು ಇಷ್ಟೇ.

ಆಟ ಕಟ್ಟಿದವರು ಅಡವಯ್ಯನವರು. ಒಬ್ಬರು ಕಥೆ ನಡೆಸಬೇಕು. ಉಳಿದವರು ಕಳ್ಳನೋ ವೈದ್ಯನೋ ದಂಡನಾಯಕನೋ ಆಗಿ ಕಥೆಯೊಳಗೆ ಇಳಿಯಬೇಕು. ಕೈ ಹಾಕಿದ ಕೆಲಸ ಆಯಿತೋ ಇಲ್ಲವೋ, ಅದನ್ನು ಐದು ಕವಡೆ ಹೇಳುತ್ತವೆ: ಚೆಲ್ಲಿದಾಗ ಎಷ್ಟು ಬಾಯಿ ಮೇಲಾಗಿ ಬಿದ್ದವು ಎಂಬುದೇ ಲೆಕ್ಕ.

ನಿಯಮದ ಪುಸ್ತಕಕ್ಕೆ ಮೂವತ್ತು ವರ್ಷವಾಗಿತ್ತು. ಕೊಟ್ರಯ್ಯ ಅದನ್ನು ತಿದ್ದಿ ಹೊಸ ಆವೃತ್ತಿ ತಂದಿದ್ದ.

ಬೆಳಿಗ್ಗೆ ಹೊಳೆದಂಡೆಯ ಮಂಟಪದಲ್ಲಿ ಪ್ರತಿಗಳನ್ನು ಹಂಚಿದರು.

"ಭಾಳ ಚೆಂದ," ಎಂದಿತು ಮೊದಲ ತಂಡ.

"ಚಿನ್ನದಂಥ ಕೆಲಸ," ಎಂದಿತು ಎರಡನೆಯದು.

ಕೊಟ್ರಯ್ಯನ ಮುಖ ಅರಳಿತು.

ದೋಣಿ ನಡೆಸುವ ನೀಲವ್ವ ಆಟದಲ್ಲಿ ಕಳ್ಳಿ. ನಾಲ್ಕು ಹಾಳೆ ಮಗುಚಿದವಳೇ ಎದ್ದು ನಿಂತಳು.

"ಏನೋ ಕೊಟ್ರಯ್ಯಾ, ನನ್ನ ಕಳ್ಳೀ ಕೈ ಕಡದೀಯಲ್ಲೋ! ಮೊದಲ ಒಂದು ಕವಡಿ ಮೇಲಾದರ ಬೀಗ ತೆಗೀತಿತ್ತು. ಈಗ ಮೂರಾ?"

"ಒಂದಕ್ಕೇ ತೆಗೆದರೆ ಅದು ಬೀಗ ಹೇಗಾಗುತ್ತದೆ, ನೀಲವ್ವ?"

"ಹನ್ನೆರಡು ವರ್ಷ ಕದ್ದೀನಿ. ನನಗ ಬೀಗ ಕಲಿಸಬ್ಯಾಡ!"

ಮಂಟಪವೆಲ್ಲ ನಕ್ಕಿತು. ಆಮೇಲೆ ಒಂದೊಂದೇ ತಂಡ ಬಾಯಿ ತೆರೆಯಿತು. ವೈದ್ಯನ ಮದ್ದು ಯಾಕೆ ತಡ? ದಂಡನಾಯಕನಿಗೆ ಕುದುರೆ ಯಾಕಿಲ್ಲ?

ಕೊಟ್ರಯ್ಯ ಗುರುಗಳ ಕಡೆ ತಿರುಗಿದ. "ಏನು ಮಾಡಲಿ?"

"ಆಡಲಿ ಬಿಡು," ಎಂದರು ಅಡವಯ್ಯ.

"ಆಡ್ತೀವಿ," ಎಂದಳು ನೀಲವ್ವ. "ಇದು ನಡಿಯಂಗಿಲ್ಲ ಅಂತ ತೋರಸ್ಲಿಕ್ಕೇ ಆಡ್ತೀವಿ."

ಕುಳಿತರು. ಮಧ್ಯಾಹ್ನದ ಹೊತ್ತಿಗೆ ಅವಳ ಕಳ್ಳಿ ಅರಮನೆಯ ಉಗ್ರಾಣದ ಬಾಗಿಲಲ್ಲಿದ್ದಳು. ಒಳಗೆ ಅವಳ ಅಣ್ಣ ಸೆರೆಯಲ್ಲಿ. ಹೊರಗೆ ಕಾವಲುಗಾರ ಮಲಗಿದ್ದಾನೆ.

ನೀಲವ್ವ ಕವಡೆ ಚೆಲ್ಲಿದಳು. ಎರಡು ಮೇಲಾದವು.

ಪಕ್ಕದ ತಂಡದವರೂ ತಮ್ಮ ಆಟ ಬಿಟ್ಟು ಕತ್ತು ಚಾಚಿದರು.

"ಮೂರು ಬೇಕಿತ್ತು," ಎಂದ ಕಥೆ ನಡೆಸುವವನು, ಮೆಲ್ಲಗೆ.

"ತಡಿ." ನೀಲವ್ವನ ಕಣ್ಣು ಕವಡೆಯ ಮೇಲೇ ಇತ್ತು. "ಎರಡಕ್ಕೂ ಬೀಗ ತೆಗೀಲಿ. ಆದರ ಸಪ್ಪಳ ಆಗಲಿ. ಕಾವಲುಗಾರ ಎದ್ದರ ಎದ್ದ."

"ಹಾಂ, ಇದು ಸರಿ!" ಎಂದರು ಎಲ್ಲರೂ.

ಕೊಟ್ರಯ್ಯ ಎದ್ದು ಓಡಿದ. "ಅದು ಪುಸ್ತಕದಲ್ಲಿಲ್ಲ!"

ಅಡವಯ್ಯ ಅವನಿಗಿಂತ ಮೊದಲೇ ಅಲ್ಲಿದ್ದರು. ಕಿವಿಯ ಸಂದಿಯ ಸೀಸದಕಡ್ಡಿ ತೆಗೆದು ನೀಲವ್ವನ ಕೈಗಿಟ್ಟರು.

ಅವಳು ಹೊಸ ಪುಸ್ತಕದ ಅಂಚಿನಲ್ಲಿ ಬರೆದುಕೊಂಡಳು. ಸೀಸದಕಡ್ಡಿ ಅಲ್ಲಿಂದ ಕೈಯಿಂದ ಕೈಗೆ ಹೋಯಿತು.

ಹೊತ್ತು ಮುಳುಗುವಾಗ ಮಂಟಪ ಖಾಲಿಯಾಯಿತು. ಕೊಟ್ರಯ್ಯ ಕಂಬಕ್ಕೊರಗಿ ಕುಳಿತ.

"ಲೆಕ್ಕ ಹೇಳು," ಎಂದರು ಗುರುಗಳು.

"ಮೆಚ್ಚಿದವು ಆರು ತಂಡ. ಹಳೆಯದೇ ಸಾಕು ಎಂದು ಪುಸ್ತಕ ಹಿಂದಕ್ಕೆ ಕೊಟ್ಟವು ಮೂರು. ಉಳಿದ ಹನ್ನೊಂದೂ ನನ್ನನ್ನು ಬೈದು, ನನ್ನ ನಿಯಮ ತಿದ್ದಿಕೊಂಡು ಆಡಿದವು. ಆರೇ ಬಂತು. ಸೋತೆ."

"ಮೆಚ್ಚಿದ ಆರೂ ನಿನ್ನನ್ನು ಏನಾದರೂ ಕೇಳಿದರೇ?"

"ಇಲ್ಲ."

"ಬೈದವರು?"

"ಉಸಿರಾಡಲೂ ಬಿಡಲಿಲ್ಲ."

"ಅವರು ಪುಸ್ತಕ ಹಿಂದಕ್ಕೆ ಕೊಟ್ಟರೇ?"

"ಕೇಳಿದೆ. ನೀಲವ್ವ ಸೆರಗಿನಲ್ಲಿ ಸುತ್ತಿಕೊಂಡು ದೋಣಿ ಹತ್ತಿಬಿಟ್ಟಳು."

ಅಡವಯ್ಯ ಮೆಟ್ಟಿಲಿಳಿಯುತ್ತ ಹೇಳಿದರು:

"ಆರನ್ನು ಬಿಡು, ಅವರಿನ್ನೂ ಓದಿಲ್ಲ. ಮೂರು ನನಗಿರಲಿ. ಹನ್ನೊಂದು ಬಂತು. ಆಟ ನಿನ್ನದು."